ಅಮೆರಿಕದಲ್ಲಿ ಜೆನೆಟಿಕ್ ಕೌನ್ಸೆಲರ್ ಲೈಸೆನ್ಸ್: ಯಾವ ರಾಜ್ಯ, ಯಾವ ಕಾಗದ, ಯಾವಾಗ ಶುರು ಮಾಡಬೇಕು

"ಅಕ್ಕಾ, ಅಮೆರಿಕದಲ್ಲಿ ಜೆನೆಟಿಕ್ ಕೌನ್ಸೆಲರ್ ಆಗೋಕೆ ಯಾವ ಲೈಸೆನ್ಸ್ ಬೇಕು?" ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಬಯೋಟೆಕ್ನಾಲಜಿ ಮುಗಿಸಿದ ಹುಡುಗಿಯರು, ಮದುವೆಯಾಗಿ ಇಲ್ಲಿಗೆ ಬಂದು ಮನೆಯಲ್ಲಿ ಕೂತು ಬೇಜಾರಾದವರು, ಎಂಬಿಬಿಎಸ್ ಮಾಡಿಯೂ ರೆಸಿಡೆನ್ಸಿ ಸಿಗದವರು, ಹೀಗೆ. ಪ್ರಶ್ನೆ ಒಂದೇ ಸಾಲು. ಉತ್ತರ ಮಾತ್ರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಯಾಕೆಂದರೆ "ಅಮೆರಿಕದ ಲೈಸೆನ್ಸ್" ಅಂತ ಒಂದು ಇಲ್ಲವೇ ಇಲ್ಲ. ರಾಜ್ಯಕ್ಕೊಂದು ಇದೆ. ಕೆಲವು ರಾಜ್ಯಗಳಲ್ಲಿ ಅದೂ ಇಲ್ಲ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನನ್ನ ಅಜ್ಜಿ ಇವತ್ತಿಗೂ ಊರಲ್ಲಿ ನನ್ನನ್ನು ಡಾಕ್ಟರ್ ಅಂತಲೇ ಹೇಳಿಕೊಂಡು ಬರುತ್ತಾರೆ. ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ಲ್ಯಾಬಿನವಳೂ ಅಲ್ಲ. ಮನೆತನದಲ್ಲಿ ಯಾರಿಗೆ ಏನು ಕಾಯಿಲೆ ಇತ್ತು ಅಂತ ಮೂರು ತಲೆಮಾರು ಕೇಳಿ ವಂಶವೃಕ್ಷ ಬರೆದು, ಯಾವ ಟೆಸ್ಟ್ ಬೇಕು, ಯಾವುದು ಸುಮ್ನೆ ದುಡ್ಡು ದಂಡ, ರಿಪೋರ್ಟ್ ಬಂದ ಮೇಲೆ ಅದರ ಅರ್ಥ ಏನು, ಮುಂದೆ ಯಾವ ದಾರಿಗಳಿವೆ ಅಂತ ಕೂತು ಮಾತಾಡುವ ಕೆಲಸ. ಆ ಚಿತ್ರದಲ್ಲಿ ಮದುವೆಗೆ ಒಂದು ಗೆರೆ, ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ. ಸೋದರಮಾವನನ್ನೇ ಮದುವೆಯಾದ ಅತ್ತೆ, ಚಿಕ್ಕಮ್ಮಂದಿರು ಇರುವ ನಮ್ಮ ಮನೆಗಳ ಚಿತ್ರ ಬರೆದರೆ ಜೋಡಿ ಗೆರೆ ಎಷ್ಟು ಬರುತ್ತವೆ ಅಂತ ನೀವೇ ಯೋಚಿಸಿ.

ಭಾರತದಿಂದ ಬಂದವರಿಗೆ ಇನ್ನೊಂದು ಗೊಂದಲ. ನಮ್ಮಲ್ಲಿ 1994ರ ಪಿಸಿ-ಪಿಎನ್‌ಡಿಟಿ ಕಾಯ್ದೆ ಇದೆಯಲ್ಲ, ಸ್ಕ್ಯಾನಿಂಗ್ ಸೆಂಟರಿನ ಗೋಡೆ ಮೇಲೆ "ಭ್ರೂಣಲಿಂಗ ಪತ್ತೆ ಅಪರಾಧ" ಅಂತ ಬೋರ್ಡ್ ಹಾಕಿಸುವ ಕಾಯ್ದೆ, ಅದರ ಅಡಿ "ಜೆನೆಟಿಕ್ ಕೌನ್ಸೆಲಿಂಗ್ ಸೆಂಟರ್" ನೋಂದಣಿ ಆಗಬೇಕು. ಅಂದರೆ ನೋಂದಣಿ ಜಾಗಕ್ಕೆ. ಅದೂ ಲಿಂಗ ಪತ್ತೆ ತಡೆಯುವುದಕ್ಕೆ. ಅಮೆರಿಕದಲ್ಲಿ ಲೈಸೆನ್ಸ್ ವ್ಯಕ್ತಿಗೆ, ನಿಮ್ಮ ಹೆಸರಿಗೆ. ಊರಲ್ಲಿ ನೋಂದಾಯಿತ ಸೆಂಟರಿನಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದರೂ ಇಲ್ಲಿ ಅದು ಲೈಸೆನ್ಸ್ ಅಂತ ಲೆಕ್ಕಕ್ಕೆ ಬರುವುದಿಲ್ಲ. ಅಪ್ಲಿಕೇಶನ್ನಿನಲ್ಲಿ ಅನುಭವ ಅಂತ ಬರೆಯಿರಿ, ಚೆನ್ನಾಗಿಯೇ ಕಾಣುತ್ತದೆ, ಆದರೆ ಅಷ್ಟೇ.

ಸರ್ಟಿಫಿಕೇಟ್ ಬೇರೆ, ಲೈಸೆನ್ಸ್ ಬೇರೆ

ಇದನ್ನು ತಲೆಯಲ್ಲಿ ಗಟ್ಟಿ ಮಾಡಿಕೊಳ್ಳಿ. ಸರ್ಟಿಫಿಕೇಟ್ ಕೊಡುವುದು ಅಮೆರಿಕನ್ ಬೋರ್ಡ್ ಆಫ್ ಜೆನೆಟಿಕ್ ಕೌನ್ಸೆಲಿಂಗ್, ಎಲ್ಲರೂ ಎಬಿಜಿಸಿ ಅನ್ನುತ್ತಾರೆ. 1993ರಲ್ಲಿ ಶುರುವಾದ ವೃತ್ತಿಯವರದೇ ಸಂಸ್ಥೆ, ಸರ್ಕಾರದ್ದಲ್ಲ. ಅದರ ಪರೀಕ್ಷೆ ಪಾಸಾದರೆ ಹೆಸರಿನ ಕೊನೆಗೆ ಸಿಜಿಸಿ (ಸರ್ಟಿಫೈಡ್ ಜೆನೆಟಿಕ್ ಕೌನ್ಸೆಲರ್) ಅಂತ ಹಾಕಿಕೊಳ್ಳಬಹುದು, ಅದು ದೇಶಕ್ಕೆಲ್ಲ ಒಂದೇ. ಲೈಸೆನ್ಸ್ ಕೊಡುವುದು ರಾಜ್ಯ ಸರ್ಕಾರ. ಈ ರಾಜ್ಯದ ಜನಕ್ಕೆ ನೀವು ಈ ಸೇವೆ ಕೊಡಬಹುದು ಅನ್ನುವ ಅನುಮತಿ ಅದು. ಸಿಜಿಸಿ ಇದ್ದ ಮಾತ್ರಕ್ಕೆ ಲೈಸೆನ್ಸ್ ಬಂದ ಹಾಗಲ್ಲ. ಪರೀಕ್ಷೆ ಪಾಸಾದ ಖುಷಿಯಲ್ಲಿ ಇದನ್ನು ಮರೆತು, ಕೆಲಸಕ್ಕೆ ಸೇರುವ ಹಿಂದಿನ ವಾರ ಎಚ್‌ಆರ್‌ನವರು "ಲೈಸೆನ್ಸ್ ನಂಬರ್ ಕೊಡಿ" ಅಂದಾಗ ಮುಖ ಮುಖ ನೋಡಿದವರನ್ನು ಕಂಡಿದ್ದೇನೆ.

ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಲೈಸೆನ್ಸ್ ಇದೆ. ಮೊದಲು ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾ, 2000ದಲ್ಲಿ. ಆದರೆ ನಿಯಮ ಬರೆದು ಲೈಸೆನ್ಸ್ ಕೊಡುವ ಹೊತ್ತಿಗೆ ಅಲ್ಲಿ ಸುಮಾರು ಹತ್ತು ವರ್ಷ ಹೋಯಿತು. ಅಷ್ಟರಲ್ಲಿ ಯೂಟಾ 2002ರಲ್ಲೇ ಮೊದಲ ಲೈಸೆನ್ಸ್ ಕೊಟ್ಟು ಮುಂದೆ ಹೋಗಿಬಿಟ್ಟಿತು. ಇದನ್ನು ಯಾಕೆ ಹೇಳಿದೆ ಅಂದರೆ, ಇವತ್ತಿಗೂ ಎಲ್ಲೋ ಒಂದು ಮ್ಯಾಪಿನಲ್ಲಿ ನಿಮ್ಮ ರಾಜ್ಯಕ್ಕೆ ಬಣ್ಣ ಹಚ್ಚಿದ್ದರೆ ಅದು "ಕಾನೂನು ಪಾಸಾಗಿದೆ" ಅಂತಲೋ "ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ" ಅಂತಲೋ ಎರಡು ಸಲ ನೋಡಬೇಕು. ಮಧ್ಯೆ ವರ್ಷಗಳೇ ಕಳೆಯಬಹುದು. ಇನ್ನೊಂದು ತಮಾಷೆ ಕೇಳಿ. ಈ ಕೋರ್ಸಿನ ಮೊಟ್ಟಮೊದಲ ಮಾಸ್ಟರ್ಸ್ ಶುರುವಾಗಿದ್ದು 1969ರಲ್ಲಿ, ನ್ಯೂಯಾರ್ಕ್ ರಾಜ್ಯದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ. ಅದೇ ನ್ಯೂಯಾರ್ಕಿನಲ್ಲಿ ಅದಾಗಿ ದಶಕಗಟ್ಟಲೆ ಲೈಸೆನ್ಸ್ ಅನ್ನುವುದೇ ಇರಲಿಲ್ಲ.

ಲೈಸೆನ್ಸ್ ಇಲ್ಲದ ರಾಜ್ಯ ಅಂದರೆ ಯಾರು ಬೇಕಾದರೂ ಕೆಲಸಕ್ಕೆ ಸೇರಬಹುದು ಅಂತಲ್ಲ. ಅಲ್ಲಿನ ಆಸ್ಪತ್ರೆಗಳೂ ಸಿಜಿಸಿ ಕೇಳುತ್ತವೆ. ಸರ್ಕಾರದ ಕಾಗದ ಒಂದು ಕಡಿಮೆ, ಅಷ್ಟೇ.

ಡಿಗ್ರಿ ಇಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗಲ್ಲ

ಲೈಸೆನ್ಸ್ ಇರುವ ರಾಜ್ಯಗಳ ಕಾನೂನುಗಳಲ್ಲಿ ಬೇರೆ ಏನೇ ವ್ಯತ್ಯಾಸ ಇದ್ದರೂ ಬುಡ ಒಂದೇ. ಎಸಿಜಿಸಿ ಮಾನ್ಯತೆ ಇರುವ ಮಾಸ್ಟರ್ಸ್, ಅದರ ಮೇಲೆ ಎಬಿಜಿಸಿ ಪರೀಕ್ಷೆ. ಎಸಿಜಿಸಿ ಅಂದರೆ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೌನ್ಸಿಲ್. ಅಮೆರಿಕ ಮತ್ತು ಕೆನಡಾ ಸೇರಿ 50ಕ್ಕೂ ಹೆಚ್ಚು ಕೋರ್ಸುಗಳಿಗೆ ಇದರ ಮಾನ್ಯತೆ ಇದೆ. ಕೆಲವು ಹಳೆ ಸೀನಿಯರ್‌ಗಳು ಎಬಿಜಿಸಿ ಹುಟ್ಟುವ ಮೊದಲೇ ಮೆಡಿಕಲ್ ಜೆನೆಟಿಕ್ಸ್ ಬೋರ್ಡಿನ ಪರೀಕ್ಷೆ ಬರೆದವರು. ಅವರ ಸರ್ಟಿಫಿಕೇಟಿಗೂ ಬೆಲೆ ಇದೆ, ಆದರೆ ಆ ದಾರಿ ನಿಮಗಿಲ್ಲ.

ಮಂಗಳೂರಿನಲ್ಲೋ ಮೈಸೂರಿನಲ್ಲೋ ಜೆನೆಟಿಕ್ಸ್‌ನಲ್ಲಿ ಎಂಎಸ್ಸಿ ಮಾಡಿ ಬಂದವರಿಗೆ ಇದು ಕಹಿ ಸುದ್ದಿ. ಆ ಎಂಎಸ್ಸಿ ಸೀಟು ಸಿಗಲು ಸಹಾಯ ಮಾಡುತ್ತದೆ, ಲೈಸೆನ್ಸ್ ಸಿಗಲು ಅಲ್ಲ. ಎಂಬಿಬಿಎಸ್ ಆದವರೂ ಇದೇ ಎರಡು ವರ್ಷದ ಕೋರ್ಸು ಮಾಡಲೇಬೇಕು. ನೀವು ಈಗಾಗಲೇ ಹೊರದೇಶದಲ್ಲಿ ಜೆನೆಟಿಕ್ ಕೌನ್ಸೆಲಿಂಗ್‌ನಲ್ಲೇ ಡಿಗ್ರಿ ಮಾಡಿದ್ದರೆ, ಬೇರೆ ಯಾರನ್ನೂ ಕೇಳದೆ ಎಬಿಜಿಸಿಗೇ ಇಮೇಲ್ ಮಾಡಿ, ಉತ್ತರ ಬರಹದಲ್ಲಿ ತರಿಸಿಕೊಳ್ಳಿ. ಏಜೆಂಟರ ಮಾತು ಬೇಡ.

ಸೀಟಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2018ರಿಂದ ಪ್ರವೇಶ ಮ್ಯಾಚ್ ಪದ್ಧತಿಯಲ್ಲಿ ನಡೆಯುತ್ತದೆ. ಸಂದರ್ಶನ ಆದ ಮೇಲೆ ನೀವು ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆಯುತ್ತೀರಿ, ಅವರೂ ನಿಮ್ಮನ್ನು ಬರೆಯುತ್ತಾರೆ, ಏಪ್ರಿಲ್‌ನಲ್ಲಿ ಕಂಪ್ಯೂಟರ್ ಜೋಡಿ ಮಾಡುತ್ತದೆ. ನಮ್ಮ ಸಿಇಟಿ ಆಪ್ಷನ್ ಎಂಟ್ರಿ ಮಾಡಿದವರಿಗೆ ಇದು ಹೊಸದಲ್ಲ, ಆದರೆ ಇಲ್ಲಿ ರ‍್ಯಾಂಕ್ ಇಲ್ಲ, ಕಾಲೇಜಿಗೂ ಆಯ್ಕೆ ಇದೆ. ಕೋರ್ಸಿನಲ್ಲಿ ಕನಿಷ್ಠ 50 ಪೇಷಂಟ್ ಕೇಸುಗಳಲ್ಲಿ ನೀವು ನಿಜವಾಗಿ ಪಾಲ್ಗೊಂಡಿರಬೇಕು, ಸುಮ್ನೆ ಮೂಲೆಯಲ್ಲಿ ಕೂತು ನೋಡಿದ್ದು ಲೆಕ್ಕವಿಲ್ಲ. ಆ ಲಾಗ್‌ಬುಕ್ ಕಾಪಿ ಜೋಪಾನ ಮಾಡಿ.

ಪರೀಕ್ಷೆ, ಮತ್ತು ಪರೀಕ್ಷೆಗೆ ಮೊದಲಿನ ಲೈಸೆನ್ಸ್

ಎಬಿಜಿಸಿ ಪರೀಕ್ಷೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಆಗಸ್ಟ್ ಹೊತ್ತಿಗೆ. 200 ಪ್ರಶ್ನೆ, 4 ಗಂಟೆ, ಕಂಪ್ಯೂಟರ್ ಮುಂದೆ, ಕೊಟ್ಟ ಉತ್ತರಗಳಲ್ಲಿ ಒಂದು ಆರಿಸುವ ಮಾದರಿ. ಈಗ ಕ್ಯಾಲೆಂಡರ್ ನೋಡಿ. ಕೋರ್ಸು ಮುಗಿಯುವುದು ಮೇನಲ್ಲಿ. ಪರೀಕ್ಷೆ ಆಗಸ್ಟ್‌ನಲ್ಲಿ. ಫಲಿತಾಂಶಕ್ಕೆ ಇನ್ನಷ್ಟು ವಾರ. ಕೆಲಸಕ್ಕೆ ಬಾ ಅನ್ನುವುದು ಜುಲೈನಲ್ಲಿ. ಹಾಗಾದರೆ ಮಧ್ಯೆ ಏನು ಮಾಡುವುದು?

ಅದಕ್ಕೇ ಇರುವುದು ತಾತ್ಕಾಲಿಕ ಲೈಸೆನ್ಸ್. ಕೆಲವು ರಾಜ್ಯ ಟೆಂಪರರಿ ಅನ್ನುತ್ತವೆ, ಕೆಲವು ಪ್ರೊವಿಷನಲ್ ಅನ್ನುತ್ತವೆ. ಇದಕ್ಕೆ ಸಾಮಾನ್ಯವಾಗಿ ಬೇಕಾಗುವುದು ಎಬಿಜಿಸಿಯ "ಆಕ್ಟಿವ್ ಕ್ಯಾಂಡಿಡೇಟ್ ಸ್ಟೇಟಸ್", ಅಂದರೆ ಈಕೆ ಕೋರ್ಸು ಮುಗಿಸಿದ್ದಾಳೆ, ಪರೀಕ್ಷೆಗೆ ಅರ್ಹಳು ಅನ್ನುವ ಗುರುತು. ಡಿಗ್ರಿ ಮುಗಿದ ಕೂಡಲೇ ಇದಕ್ಕೆ ಅರ್ಜಿ ಹಾಕಿ. ಪದವಿ ಪ್ರದಾನದ ಫೋಟೋ ಆಮೇಲೆ ಹಾಕಬಹುದು. ತಾತ್ಕಾಲಿಕ ಲೈಸೆನ್ಸಿನಲ್ಲಿ ಒಬ್ಬ ಲೈಸೆನ್ಸ್ ಇರುವ ಕೌನ್ಸೆಲರ್ ಅಥವಾ ಡಾಕ್ಟರ್ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು, ಅದಕ್ಕೆ ಅವರ ಸಹಿ ಇರುವ ಒಪ್ಪಂದದ ಕಾಗದ ಬೇಕಾಗುತ್ತದೆ. ಕೆಲಸ ಕೊಟ್ಟವರನ್ನು ಮೊದಲೇ ಕೇಳಿ, "ನನ್ನ ಸೂಪರ್‌ವೈಸರ್ ಯಾರು, ಅವರ ಲೈಸೆನ್ಸ್ ಇದೇ ರಾಜ್ಯದ್ದಾ?" ಅಂತ. ಕೇಳಲು ಸಂಕೋಚ ಬೇಡ. ಇಡೀ ಕ್ಲಿನಿಕ್ಕಿಗೆ ಒಬ್ಬರೇ ಕೌನ್ಸೆಲರ್ ಇರುವ ಕಡೆ, ಆ ಒಬ್ಬರು ನೀವೇ ಆಗಿದ್ದರೆ, ಸಹಿ ಹಾಕುವವರು ಯಾರು ಅನ್ನುವುದು ನಿಜವಾದ ಸಮಸ್ಯೆ.

ಪರೀಕ್ಷೆ ಫೇಲಾದರೆ? ಕೆಲವು ರಾಜ್ಯಗಳಲ್ಲಿ ತಾತ್ಕಾಲಿಕ ಲೈಸೆನ್ಸ್ ಅಲ್ಲಿಗೇ ಮುಗಿಯುತ್ತದೆ, ಕೆಲವು ಕಡೆ ಒಂದು ಸಲ ಮುಂದುವರಿಸುತ್ತಾರೆ. ಕೆಲಸದ ಆಫರ್ ಒಪ್ಪುವ ಮೊದಲೇ ನಿಮ್ಮ ರಾಜ್ಯದ ಕಾನೂನಿನಲ್ಲಿ ಈ ಒಂದು ವಾಕ್ಯ ಹುಡುಕಿ ಓದಿಕೊಳ್ಳಿ. ಅಪಶಕುನ ಅಂತ ಬಿಡಬೇಡಿ.

ಅರ್ಜಿ ಎಲ್ಲಿಗೆ?

ಇದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಮತ್ತು ಹುಡುಕುವವರಿಗೆ ಇಲ್ಲೇ ತಲೆ ಕೆಡುವುದು. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಆರೋಗ್ಯ ಇಲಾಖೆ ಕೊಡುತ್ತದೆ, ಮೆಡಿಕಲ್ ಬೋರ್ಡ್ ಅಲ್ಲ. ವಾಷಿಂಗ್ಟನ್ ರಾಜ್ಯದಲ್ಲೂ ಆರೋಗ್ಯ ಇಲಾಖೆ. ಓಹಾಯೋ, ವರ್ಜೀನಿಯಾ, ಪೆನ್ಸಿಲ್ವೇನಿಯಾ, ಜಾರ್ಜಿಯಾಗಳಲ್ಲಿ ಡಾಕ್ಟರುಗಳ ಬೋರ್ಡೇ ನಮ್ಮನ್ನೂ ನೋಡಿಕೊಳ್ಳುತ್ತದೆ. ಇಲಿನಾಯ್‌ನಲ್ಲಿ ಹಣಕಾಸು ಮತ್ತು ವೃತ್ತಿ ನಿಯಂತ್ರಣ ಇಲಾಖೆ, ಅಂದರೆ ಕ್ಷೌರಿಕರಿಗೂ ನಮಗೂ ಲೈಸೆನ್ಸ್ ಕೊಡುವ ಆಫೀಸು ಒಂದೇ. ಮ್ಯಾಸಚೂಸೆಟ್ಸ್ ಮತ್ತು ಮಿಷಿಗನ್‌ಗಳಲ್ಲಿ ಜೆನೆಟಿಕ್ ಕೌನ್ಸೆಲರ್‌ಗಳಿಗೇ ಪ್ರತ್ಯೇಕ ಬೋರ್ಡ್ ಇದೆ. ಗೂಗಲ್ ಮಾಡುವಾಗ ರಾಜ್ಯದ ಹೆಸರಿನ ಜೊತೆ ಜೆನೆಟಿಕ್ ಕೌನ್ಸೆಲರ್ ಲೈಸೆನ್ಸ್ ಅಂತ ಹಾಕಿ, ಬಂದ ಫಲಿತಾಂಶದಲ್ಲಿ ವಿಳಾಸದ ಕೊನೆಗೆ ಡಾಟ್ ಗೌ (.gov) ಇರುವುದನ್ನು ಮಾತ್ರ ನಂಬಿ. ಎರಡು ವರ್ಷ ಹಳೆಯ ಬ್ಲಾಗ್ ನೋಡಿ ಫೀಸು ಕಟ್ಟಲು ಹೊರಡಬೇಡಿ. ಫೀಸು ಆಗಾಗ ಬದಲಾಗುತ್ತದೆ, ಸಾಮಾನ್ಯವಾಗಿ ನೂರರಿಂದ ಕೆಲವು ನೂರು ಡಾಲರ್.

ಕಾಗದಗಳ ಕಟ್ಟು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕಾಲೇಜಿನಿಂದ ನೇರವಾಗಿ ಬೋರ್ಡಿಗೆ ಹೋಗುವ ಅಂಕಪಟ್ಟಿ. ನೀವೇ ಲಕೋಟೆ ಒಡೆದು ಸ್ಕ್ಯಾನ್ ಮಾಡಿ ಕಳಿಸಿದರೆ ನಡೆಯುವುದಿಲ್ಲ. ಎಬಿಜಿಸಿಯಿಂದ ನೇರವಾಗಿ ಹೋಗುವ ದೃಢೀಕರಣ. ಹಲವು ರಾಜ್ಯಗಳಲ್ಲಿ ಬೆರಳಚ್ಚು, ಕ್ರಿಮಿನಲ್ ಹಿನ್ನೆಲೆ ತಪಾಸಣೆ. ಈಗಾಗಲೇ ಬೇರೆ ರಾಜ್ಯದ ಲೈಸೆನ್ಸ್ ಇದ್ದರೆ ಆ ಪ್ರತಿ ರಾಜ್ಯದಿಂದಲೂ "ಈಕೆ ಮೇಲೆ ಕ್ರಮ ಏನೂ ಇಲ್ಲ" ಅನ್ನುವ ಪತ್ರ. ಇದರ ಮೇಲೆ ಆಯಾ ರಾಜ್ಯದ ಸ್ವಂತ ಒಗ್ಗರಣೆ ಇರುತ್ತದೆ. ಪೆನ್ಸಿಲ್ವೇನಿಯಾದವರು ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವ ಬಗ್ಗೆ 3 ಗಂಟೆ ತರಬೇತಿ ಕೇಳುತ್ತಾರೆ. ಮಿಷಿಗನ್‌ನವರು ಮಾನವ ಕಳ್ಳಸಾಗಣೆ ಬಗ್ಗೆ ಒಂದು, ನಮಗೇ ಗೊತ್ತಿಲ್ಲದೆ ಮನಸ್ಸಿನಲ್ಲಿ ಕೂತಿರುವ ಪೂರ್ವಗ್ರಹಗಳ ಬಗ್ಗೆ ಇನ್ನೊಂದು. ಆನ್‌ಲೈನಿನಲ್ಲೇ ಆಗುತ್ತದೆ, ಕಷ್ಟವೇನಿಲ್ಲ. ಆದರೆ ಗೊತ್ತಿಲ್ಲದಿದ್ದರೆ ಆ ಒಂದು ಸರ್ಟಿಫಿಕೇಟಿಗಾಗಿ ಅರ್ಜಿ ವಾರಗಟ್ಟಲೆ ಮಲಗಿರುತ್ತದೆ.

ನಮ್ಮ ಹೆಸರಿನ ಪಾಡು

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದನ್ನು ಅಮೆರಿಕದ ಯಾವ ಗೈಡೂ ಹೇಳುವುದಿಲ್ಲ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಮುಂದೆ ಎರಡು ಇನಿಶಿಯಲ್. ಪಾಸ್‌ಪೋರ್ಟಿನಲ್ಲಿ ಆ ಇನಿಶಿಯಲ್ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಎರಡೂ ಸರ್‌ನೇಮ್ ಜಾಗದಲ್ಲಿ. ಕಾಲೇಜಿನವರು ಅದನ್ನು ಅರ್ಧಕ್ಕೆ ಕತ್ತರಿಸಿದರು. ಎಬಿಜಿಸಿ ಖಾತೆ ನಾನೇ ತೆರೆದಿದ್ದು, ಕರೆಯುವ ಹೆಸರು ಹಾಕಿದ್ದೆ. ಮೊದಲ ಲೈಸೆನ್ಸ್ ಅರ್ಜಿಯಲ್ಲಿ ನಾಲ್ಕು ಕಾಗದ, ನಾಲ್ಕು ಹೆಸರು. ಆರು ವಾರ ಯಾವ ಸುದ್ದಿಯೂ ಇಲ್ಲ, ಫೋನ್ ಮಾಡಿದರೆ "ನಿಮ್ಮ ಅಂಕಪಟ್ಟಿ ಇನ್ನೂ ಬಂದಿಲ್ಲ" ಅಂದರು. ಬಂದಿತ್ತು. ಬೇರೆ ಯಾರದೋ ಅಂತ ಪಕ್ಕಕ್ಕಿಟ್ಟಿದ್ದರು.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಇರುವವರ ಕಥೆ ಇನ್ನೂ ಮಜಾ. ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಆಸ್ಪತ್ರೆ ಬ್ಯಾಡ್ಜಿನಲ್ಲೂ ಅದೇ ಬಂದು, ಪೇಷಂಟ್‌ಗಳು "ಹಲೋ ಫ್ನು" ಅಂತ ಕರೆಯುತ್ತಾರೆ.

ಹಾಗಾಗಿ ಕೋರ್ಸಿಗೆ ಸೇರುವ ದಿನವೇ ಒಂದು ಹೆಸರು ತೀರ್ಮಾನ ಮಾಡಿ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ, ಅಕ್ಷರ ಅಕ್ಷರ. ಕಾಲೇಜು, ಎಬಿಜಿಸಿ, ಸೋಷಿಯಲ್ ಸೆಕ್ಯುರಿಟಿ (ಇಲ್ಲಿನ ಸರ್ಕಾರ ಕೊಡುವ ಗುರುತಿನ ನಂಬರ್), ಲೈಸೆನ್ಸ್, ಎಲ್ಲ ಕಡೆ ಅದೇ. ಪಾಸ್‌ಪೋರ್ಟೇ ತಪ್ಪಿದ್ದರೆ ಹೊರಡುವ ಮೊದಲೇ ಊರಲ್ಲಿ ಸರಿ ಮಾಡಿಸಿ. ಮದುವೆ ಆದ ಮೇಲೆ ಹೆಸರು ಬದಲಾಯಿಸುವ ಯೋಚನೆ ಇದ್ದರೆ ಲೈಸೆನ್ಸ್ ಅರ್ಜಿಗೆ ಮೊದಲು ಮಾಡಿ, ಇಲ್ಲವೇ ಬಂದ ಮೇಲೆ ಮಾಡಿ, ಮಧ್ಯದಲ್ಲಿ ಮಾತ್ರ ಬೇಡ. ಈಗಾಗಲೇ ಹಳೆ ಕಾಗದಗಳಲ್ಲಿ ಬೇರೆ ಬೇರೆ ಇದ್ದರೆ, ಇವೆಲ್ಲ ಒಬ್ಬಳದೇ ಹೆಸರು ಅಂತ ನೋಟರಿ ಮಾಡಿಸಿದ ಅಫಿಡವಿಟ್ ಒಂದನ್ನು ಅರ್ಜಿ ಜೊತೆಗೇ ಕಳಿಸಿ. ಅರ್ಜಿಯಲ್ಲಿ "ಬೇರೆ ಹೆಸರುಗಳು" ಅಂತ ಒಂದು ಕಾಲಂ ಇರುತ್ತದೆ. ಅದನ್ನು ಖಾಲಿ ಬಿಡಬೇಡಿ, ನಿಮ್ಮ ಎಲ್ಲ ಅವತಾರಗಳನ್ನೂ ಬರೆಯಿರಿ.

ವೀಸಾ ಇರುವವರಿಗೆ

ವಿದ್ಯಾರ್ಥಿ ವೀಸಾದಲ್ಲಿದ್ದರೆ ಕೋರ್ಸಿನ ನಂತರ ಓಪಿಟಿ, ಅಂದರೆ ಓದಿದ ವಿಷಯದಲ್ಲೇ ಕೆಲಸ ಮಾಡಲು ಅನುಮತಿ, 12 ತಿಂಗಳು. ಅದರಲ್ಲಿ ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು 90 ದಿನ. ಲೈಸೆನ್ಸ್ ತಡವಾಗಿ ಕೆಲಸದ ದಿನಾಂಕ ಮುಂದೆ ಹೋದರೆ ಈ 90 ದಿನ ಕರಗುತ್ತಾ ಹೋಗುತ್ತದೆ, ಆಫರ್ ಲೆಟರ್ ಕೈಯಲ್ಲಿದ್ದರೂ ಸರಿಯೇ. ಇದಕ್ಕೇ ನಾನು ಅರ್ಜಿ ಮೂರು ತಿಂಗಳು ಮೊದಲೇ ಶುರು ಮಾಡಿ ಅನ್ನುವುದು. ಅದರ ಮೇಲೆ ವಿಜ್ಞಾನ, ತಂತ್ರಜ್ಞಾನದ ಕೋರ್ಸುಗಳಿಗೆ ಕೊಡುವ 24 ತಿಂಗಳ ಸ್ಟೆಮ್ ವಿಸ್ತರಣೆ ಸಿಗುತ್ತದಾ ಅನ್ನುವುದು ನಿಮ್ಮ ಕೋರ್ಸು ಯಾವ ಸಿಐಪಿ ಕೋಡಿನಲ್ಲಿ (ಕೋರ್ಸಿನ ವಿಷಯ ಗುರುತಿಸುವ ಸರ್ಕಾರಿ ನಂಬರ್) ನೋಂದಣಿ ಆಗಿದೆ ಅನ್ನುವುದರ ಮೇಲೆ ನಿಂತಿದೆ. ಜೆನೆಟಿಕ್ಸ್ ಕೋಡು ಬೇರೆ, ಜೆನೆಟಿಕ್ ಕೌನ್ಸೆಲಿಂಗ್ ಕೋಡು ಬೇರೆ. ಸೀಟು ಒಪ್ಪುವ ಮೊದಲು, ಮ್ಯಾಚ್ ಪಟ್ಟಿ ಬರೆಯುವ ಮೊದಲೇ, ಕಾಲೇಜಿನವರನ್ನು ಈ ಕೋಡು ಕೇಳಿ. ಎರಡು ವರ್ಷದ ವ್ಯತ್ಯಾಸ ಅದು.

ಎಚ್-1ಬಿ ಕೆಲಸದ ವೀಸಾಕ್ಕೆ ಹಾಕುವಾಗ ಲೈಸೆನ್ಸ್ ಬೇಕಾದ ರಾಜ್ಯವಾದರೆ ಅದರ ಕಾಪಿ ಕೇಳುತ್ತಾರೆ. ವಿಶ್ವವಿದ್ಯಾಲಯ ಮತ್ತು ಅದಕ್ಕೆ ಸೇರಿದ ಲಾಭರಹಿತ ಆಸ್ಪತ್ರೆಗಳಿಗೆ ಈ ವೀಸಾದ ಲಾಟರಿ ಇಲ್ಲ, ನಮ್ಮ ಕೆಲಸಗಳು ಬಹಳಷ್ಟು ಅಲ್ಲೇ ಇರುವುದು ಒಂದು ಅನುಕೂಲ. ಎಚ್-4ನಲ್ಲಿ, ಅಂದರೆ ಎಚ್-1ಬಿ ಇರುವವರ ಗಂಡ ಅಥವಾ ಹೆಂಡತಿಯಾಗಿ ಬಂದ ವೀಸಾದಲ್ಲಿ, ಇರುವವರು ಓದಬಹುದು. ಕೆಲಸ ಮಾಡಲು ಮಾತ್ರ ಇಎಡಿ (ಕೆಲಸದ ಅನುಮತಿ ಕಾರ್ಡು) ಬೇಕು, ಅದಕ್ಕೆ ಸಾಮಾನ್ಯವಾಗಿ ಗಂಡನ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಅನ್ನುವ ಅರ್ಜಿ ಮಂಜೂರಾಗಿರಬೇಕು. ಲೈಸೆನ್ಸ್ ಅಂದರೆ ಕೆಲಸದ ಅನುಮತಿ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಲ್ಲ, ಎರಡೂ ಬೇರೆ ಬೇರೆ ಬಾಗಿಲು. ನರ್ಸ್ ಆಗಿರುವ ಅಕ್ಕನೋ ಅತ್ತಿಗೆಯೋ "ವೀಸಾಸ್ಕ್ರೀನ್ ಮಾಡಿಸಿದ್ಯಾ?" ಅಂತ ಹೆದರಿಸಿದರೆ ಹೆದರಬೇಡಿ, ಅದು ನರ್ಸ್, ಫಿಸಿಯೋಥೆರಪಿಸ್ಟ್ ತರದ ಕೆಲವು ವೃತ್ತಿಗಳಿಗೆ ವೀಸಾಕ್ಕಾಗಿ ಬೇಕಾಗುವ ಒಂದು ಸರ್ಟಿಫಿಕೇಟ್, ಆ ಪಟ್ಟಿಯಲ್ಲಿ ನಾವಿಲ್ಲ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದೆ ಅರ್ಜಿ ತೆಗೆದುಕೊಳ್ಳುತ್ತಾರಾ ಅನ್ನುವುದನ್ನು ಮಾತ್ರ ನಿಮ್ಮ ರಾಜ್ಯದ ಬೋರ್ಡಿಗೆ ಫೋನ್ ಮಾಡಿಯೇ ಕೇಳಿ.

ಪೇಷಂಟ್ ಕೂತ ಜಾಗವೇ ಲೆಕ್ಕ

ಫೋನ್, ವಿಡಿಯೋದಲ್ಲಿ ಕೆಲಸ ಮಾಡುವವರಿಗೆ ಇದೇ ಮುಖ್ಯ. ನೀವು ಎಲ್ಲಿ ಕೂತಿದ್ದೀರಿ ಅನ್ನುವುದಲ್ಲ, ಪೇಷಂಟ್ ಆ ಹೊತ್ತಿಗೆ ಯಾವ ರಾಜ್ಯದಲ್ಲಿದ್ದಾರೆ ಅನ್ನುವುದರ ಮೇಲೆ ಲೈಸೆನ್ಸ್ ಬೇಕಾ ಬೇಡವಾ ನಿರ್ಧಾರ. ಷಿಕಾಗೋದ ಕ್ಲಿನಿಕ್ಕಿಗೆ ಬಂದು ಹೋದ ಪೇಷಂಟ್‌ನ ಮನೆ ಗಡಿ ಆಚೆ ಇಂಡಿಯಾನಾದ ಹ್ಯಾಮಂಡ್‌ನಲ್ಲಿ. ಕ್ಲಿನಿಕ್ಕಿನಲ್ಲಿ ಮುಖಾಮುಖಿ ಮಾತಾಡಲು ಇಲಿನಾಯ್ ಲೈಸೆನ್ಸ್ ಸಾಕು. ಅದೇ ಪೇಷಂಟ್‌ಗೆ ರಿಪೋರ್ಟ್ ಹೇಳಲು ಸಂಜೆ ವಿಡಿಯೋ ಕಾಲ್ ಮಾಡಿದರೆ, ಅವರು ಮನೆ ಸೋಫಾದಲ್ಲಿ ಕೂತಿದ್ದರೆ, ಇಂಡಿಯಾನಾ ಲೈಸೆನ್ಸ್ ಬೇಕು. ಹಾಗಾಗಿ ಕಾಲ್ ಶುರುವಾದ ಕೂಡಲೇ "ಈಗ ಎಲ್ಲಿದ್ದೀರಿ?" ಅಂತ ಕೇಳಿ, ಉತ್ತರವನ್ನು ಕೇಸ್ ನೋಟ್‌ನಲ್ಲಿ ಬರೆಯಿರಿ. ಟೆಲಿಹೆಲ್ತ್ ಕಂಪನಿಗಳಲ್ಲಿ ಇರುವವರು ಹತ್ತಿಪ್ಪತ್ತು ರಾಜ್ಯಗಳ ಲೈಸೆನ್ಸ್ ಇಟ್ಟುಕೊಂಡಿರುವುದು ಇದಕ್ಕೇ. ಅಂತಹ ಕೆಲಸ ಸಿಕ್ಕರೆ ಫೀಸು ಮತ್ತು ನವೀಕರಣದ ಖರ್ಚು ಕಂಪನಿಯದೇ ಅಂತ ಆಫರ್ ಲೆಟರಿನಲ್ಲಿ ಬರೆಸಿಕೊಳ್ಳಿ.

ಲೈಸೆನ್ಸ್ ಬಂತು ಅಂತ ಎಲ್ಲವೂ ಸಿಕ್ಕಿತು ಅಂತಲ್ಲ. ಕೆಲವು ರಾಜ್ಯಗಳ ಕಾನೂನು ನಮಗೇ ಜೆನೆಟಿಕ್ ಟೆಸ್ಟ್ ಬರೆಯಲು ಬಿಡುತ್ತದೆ, ಕೆಲವು ಕಡೆ ಡಾಕ್ಟರ್ ಸಹಿ ಬೇಕು. ಇನ್ನು ಮೆಡಿಕೇರ್, ಅಂದರೆ 65 ದಾಟಿದವರಿಗೆ ಕೇಂದ್ರ ಸರ್ಕಾರದ ವಿಮೆ, ನಮ್ಮನ್ನು ಸ್ವತಂತ್ರವಾಗಿ ಬಿಲ್ ಮಾಡುವವರು ಅಂತ ಗುರುತಿಸಿಲ್ಲ. ಅದಕ್ಕಾಗಿ ಸಂಸತ್ತಿನಲ್ಲಿ ಮಸೂದೆ ಮತ್ತೆ ಮತ್ತೆ ಮಂಡನೆ ಆಗಿದೆ. ರಾಜ್ಯ ಲೈಸೆನ್ಸ್ ಕೊಟ್ಟ ಮೇಲೂ ಕೇಂದ್ರ ಹೀಗೆ ಕೂತಿರುವುದು ನನಗಂತೂ ಸರಿ ಕಾಣುವುದಿಲ್ಲ.

ಒಂದು ಮಾತು ಊರಿನ ಫೋನುಗಳ ಬಗ್ಗೆ. ಇಲ್ಲಿ ರಕ್ತಪರೀಕ್ಷೆಯ ರಿಪೋರ್ಟಿನಲ್ಲೇ ಮಗು ಗಂಡೋ ಹೆಣ್ಣೋ ಬರೆದಿರುತ್ತದೆ, ಕಾನೂನಿನ ತಕರಾರಿಲ್ಲ. ಅದನ್ನು ತಿಳಿದ ಯಾರೋ ದೂರದ ಬಂಧು ಊರಿಂದ ತಮ್ಮ ಸ್ಕ್ಯಾನ್ ಕಳಿಸಿ "ನೋಡಿ ಹೇಳಮ್ಮ" ಅನ್ನುತ್ತಾರೆ. ನಿಮ್ಮ ಲೈಸೆನ್ಸ್ ಅಲ್ಲಿಗೆ ಸಲ್ಲುವುದಿಲ್ಲ, ಅಲ್ಲಿ ಅದನ್ನು ಹೇಳುವುದು ಅಪರಾಧ ಬೇರೆ. ಆಗಲ್ಲ ಅಂತ ಹೇಳಿ ಫೋನಿಡಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ನವೀಕರಣದಲ್ಲಿ ಎರಡು ಗಡಿಯಾರ ಬೇರೆ ಬೇರೆ ಓಡುತ್ತವೆ. ಎಬಿಜಿಸಿ ಸರ್ಟಿಫಿಕೇಟ್ 5 ವರ್ಷಕ್ಕೊಮ್ಮೆ. ಲೈಸೆನ್ಸ್ ರಾಜ್ಯದ ಲೆಕ್ಕದಲ್ಲಿ, ಬಹಳ ಕಡೆ 2 ವರ್ಷ. ಕ್ಯಾಲಿಫೋರ್ನಿಯಾದಲ್ಲಿ 3 ವರ್ಷ, ಅಷ್ಟರಲ್ಲಿ 45 ಗಂಟೆ ಮುಂದುವರಿದ ಕಲಿಕೆ ಆಗಿರಬೇಕು. ಒಂದೇ ಕೋರ್ಸಿನ ಗಂಟೆಗಳನ್ನು ಸಾಮಾನ್ಯವಾಗಿ ಎರಡಕ್ಕೂ ತೋರಿಸಬಹುದು, ಸರ್ಟಿಫಿಕೇಟುಗಳನ್ನು ಒಂದೇ ಫೋಲ್ಡರಿನಲ್ಲಿ ಇಡಿ. ಮನೆ ಬದಲಾಯಿಸಿದರೆ ಬೋರ್ಡಿಗೆ ಹೊಸ ವಿಳಾಸ ಕೊಡಿ, ಇಮೇಲ್ ಐಡಿ ಕಾಲೇಜಿನದ್ದು ಹಾಕಿದ್ದರೆ ಇವತ್ತೇ ಬದಲಾಯಿಸಿ. ಕಾಲೇಜು ಖಾತೆ ಮುಚ್ಚಿದ ಮೇಲೆ ನವೀಕರಣದ ನೆನಪೋಲೆ ಅಲ್ಲಿಗೇ ಹೋಗಿ ಕೂತಿರುತ್ತದೆ.